ಶೆಲ್ಫಿಗೆ ಯಾವ ಜಂಬೋ: 747-200 ಅಥವಾ 747 ಎಸ್‌ಪಿ?

ಬೋಯಿಂಗ್ 747 ಜಂಬೋ ವಿಮಾನದ ಒಂದೇ ಒಂದು ಪುಟ್ಟ ಮಾಡೆಲ್ ಕೊಳ್ಳುವುದಾದರೆ ನನ್ನ ಮತ ಎಸ್‌ಪಿಗೆ. 200 ಚೆಂದವೇ, 1971ರಲ್ಲಿ ಏರ್ ಇಂಡಿಯಾಗೆ ಬಂದ ಮೊದಲ ಜಂಬೋ ‘ಎಂಪರರ್ ಅಶೋಕ’ ಕೂಡ ಅದೇ, ನಮ್ಮವರ ಬಣ್ಣದ್ದೇ ಬೇಕೆಂದರೆ ಅದನ್ನು ತೆಗೆದುಕೊಳ್ಳಿ. ಆದರೆ ಎಸ್‌ಪಿ ಕಥೆಯೇ ಬೇರೆ. ನ್ಯೂಯಾರ್ಕ್‌ನಿಂದ ಟೋಕಿಯೊಗೆ ಎಲ್ಲೂ ಇಳಿಯದೆ ಹಾರಬೇಕು ಅಂತ ಅಮೆರಿಕದ ವಿಮಾನ ಸಂಸ್ಥೆ ಪ್ಯಾನ್ ಆಮ್ ಕೇಳಿತು, ಬೋಯಿಂಗ್ ತನ್ನ ಜಂಬೋವನ್ನೇ ಸುಮಾರು 14 ಮೀಟರ್ ಮೊಟಕು ಮಾಡಿ, ಬಾಲ ಎತ್ತರಿಸಿ 1975ರಲ್ಲಿ ಹಾರಿಸಿತು. ಮರುವರ್ಷ ಮೇನಲ್ಲಿ ದೆಹಲಿ, ಟೋಕಿಯೊದಲ್ಲಷ್ಟೇ ನಿಂತು ಸುಮಾರು 46 ಗಂಟೆಯಲ್ಲಿ ಭೂಮಿ ಸುತ್ತಿ ಬಂತು! ತಯಾರಾಗಿದ್ದು ಮಾತ್ರ ಬರೀ 45. 200 ಅದಕ್ಕಿಂತ ಎಷ್ಟೋ ಜಾಸ್ತಿ.

ಕೊಳ್ಳುವಾಗ ರೆಕ್ಕೆಯ ಅಡಿ ನೋಡಿ. 200ಕ್ಕೆ ಅಲ್ಲಿ ಫ್ಲ್ಯಾಪ್‌ಗಳನ್ನು (ರೆಕ್ಕೆಯ ಹಿಂದಂಚಿನಲ್ಲಿ ಕೆಳಗಿಳಿಯುವ ಪಟ್ಟಿಗಳು) ಇಳಿಸುವ ಯಂತ್ರವನ್ನು ಮುಚ್ಚುವ, ದೋಣಿಯಂಥ ದೊಡ್ಡ ಉಬ್ಬುಗಳಿರುತ್ತವೆ. ಎಸ್‌ಪಿಯ ಫ್ಲ್ಯಾಪ್ ಸರಳ, ಹಾಗಾಗಿ ಅವು ಇರಬಾರದು. ಇದ್ದರೆ ಸುಮ್ನೆ ವಾಪಸ್ ಕೊಟ್ಟುಬಿಡಿ.