ಸ್ಟಾರ್ಟರ್ ಡಬ್ಬಿಗೆ ‘ಐಪಿ 55’ ರಿಪೋರ್ಟ್: ಲ್ಯಾಬಿನ ಪರೀಕ್ಷೆ ರಾಯಚೂರಿನ ಬಿಸಿಲಿಗೆ ಸಾಲುತ್ತದೆಯೇ?

ರಾಯಚೂರು, ಸಿಂಧನೂರು, ಗಂಗಾವತಿ ಕಡೆ ಪಂಪ್‌ಸೆಟ್ ಪ್ಯಾನೆಲ್ ಕಟ್ಟುವ ವರ್ಕ್‌ಶಾಪುಗಳಿಗೆ ‘ಐಪಿ 55 ರಿಪೋರ್ಟ್ ಐತೇನ್ರಿ?’ ಎಂಬ ಪ್ರಶ್ನೆ ಹೊಸದಲ್ಲ. ಡಬ್ಬಿ ಧೂಳು-ನೀರನ್ನು ಎಷ್ಟು ತಡೆಯುತ್ತದೆ ಎಂಬುದರ ಗುರುತು ಐಪಿ; ಮೊದಲ ಅಂಕೆ ಧೂಳಿಗೆ, ಎರಡನೆಯದು ನೀರಿಗೆ. ಟೆಂಡರಿಗೂ ಬೇಕು, ದೊಡ್ಡ ಡೀಲರು ಮಾಲು ಎತ್ತುವುದಕ್ಕೂ ಬೇಕು. ಅದಕ್ಕಾಗಿ ಬೆಂಗಳೂರಿನ ಒಂದು ಖಾಸಗಿ ಲ್ಯಾಬ್ ಕೊಡುವ ನಾಲ್ಕು ಪರೀಕ್ಷೆಗಳ ಪ್ಯಾಕೇಜ್ ಈ ವಿಮರ್ಶೆಯ ವಿಷಯ: ಧೂಳು-ನೀರು, ಒಣ ಶಾಖ, ಉಪ್ಪಿನ ಮಂಜು (ತುಕ್ಕು ನೋಡಲು), ಕಂಪನ. ಪರೀಕ್ಷೆಗೆ ಹೋದದ್ದು 7.5 ಎಚ್‌ಪಿ ಮೋಟಾರಿನ ಸ್ಟಾರ್ಟರ್ ಡಬ್ಬಿ. ತಗಡಿಗೆ ಪೌಡರ್ ಕೋಟಿಂಗ್, ಬಾಗಿಲಿಗೆ ರಬ್ಬರ್ ಬೀಡಿಂಗ್, ಒಳಗೆ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೂಡಿಸುವ, ಕಡಿಯುವ ಸ್ವಿಚ್ಚು), ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟಾರು ನಿಲ್ಲಿಸುವುದು) ಮತ್ತು ಫೋನಿನಿಂದ ಪಂಪ್ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್.

ಲ್ಯಾಬಿನ ಯಂತ್ರಗಳು ಚೆನ್ನಾಗಿವೆ, ಕೆಲಸದಲ್ಲಿ ಮೋಸವಿಲ್ಲ. ಆದರೆ ಆರ್ಡರಿನಲ್ಲಿ ಬರೀ ‘ಐಪಿ 55’ ಎಂದು ಬರೆದು ಕಳಿಸಿದರೆ ಸಿಗುವುದು ತಣ್ಣಗಿರುವ, ಕರೆಂಟಿಲ್ಲದ, ಹೊಸ ಡಬ್ಬಿಯ ಫಲಿತಾಂಶ. ನಮ್ಮ ಹೊಲದಲ್ಲಿ ನಿಲ್ಲುವುದು ಕಾದ ಡಬ್ಬಿ. ಈ ವ್ಯತ್ಯಾಸ ಗೊತ್ತಿದ್ದು ಆರ್ಡರ್ ಬರೆದವರಿಗೆ ದುಡ್ಡು ದಕ್ಕುತ್ತದೆ.

ಧೂಳಿನಿಂದಲೇ ಶುರು ಮಾಡೋಣ, ಯಾಕೆಂದರೆ ಹೆಚ್ಚು ಎಡವಟ್ಟಾಗುವುದು ಇಲ್ಲೇ. ಐಇಸಿ (ವಿದ್ಯುತ್ ಸಾಧನಗಳಿಗೆ ನಿಯಮ ಬರೆಯುವ ಅಂತರರಾಷ್ಟ್ರೀಯ ಸಂಸ್ಥೆ) 60529 ಪ್ರಕಾರ ಮುಚ್ಚಿದ ಪೆಟ್ಟಿಗೆಯೊಳಗೆ 75 ಮೈಕ್ರಾನ್ ಜರಡಿ ಹಿಡಿದ ಟಾಲ್ಕ್ ಪುಡಿಯನ್ನು, ಪೆಟ್ಟಿಗೆಯ ಪ್ರತಿ ಘನ ಮೀಟರಿಗೆ 2 ಕೆ.ಜಿ. ಲೆಕ್ಕದಲ್ಲಿ, ಗಾಳಿಯಲ್ಲಿ ತೇಲಿಸುತ್ತಾರೆ. ಮೊದಲ ಅಂಕೆ 5 ಆದರೆ ಸ್ವಲ್ಪ ಪುಡಿ ಒಳಗೆ ಹೋಗಬಹುದು, ಕೆಲಸ ಕೆಡಬಾರದು. 6 ಆದರೆ ಪುಡಿ ಕಾಣಲೇಬಾರದು. ಇಷ್ಟು ಎಲ್ಲರಿಗೂ ಗೊತ್ತು. ಅದೇ ನಿಯಮದಲ್ಲಿ ಅಂಕೆ 5ಕ್ಕೆ ಎರಡು ಕೆಟಗರಿಗಳಿವೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕೆಟಗರಿ 2ರಲ್ಲಿ ಡಬ್ಬಿಯನ್ನು 8 ಗಂಟೆ ಸುಮ್ಮನೆ ಧೂಳಿನಲ್ಲಿ ಇಡುತ್ತಾರೆ. ಕೆಟಗರಿ 1ರಲ್ಲಿ ಡಬ್ಬಿಗೆ ಪೈಪು ಜೋಡಿಸಿ, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿಯನ್ನು ಎಳೆಯುತ್ತಾರೆ. ಒಳಗಿನ ಒತ್ತಡ ಹೊರಗಿಗಿಂತ 2 ಕಿಲೋಪಾಸ್ಕಲ್ ತನಕ ಕಡಿಮೆಯಾಗುತ್ತದೆ.

ಬಿಸಿಲಿನಲ್ಲಿ ನಿಲ್ಲುವ ಡಬ್ಬಿ ಉಸಿರಾಡುತ್ತದೆ. ಮಧ್ಯಾಹ್ನ ಒಳಗಿನ ಗಾಳಿ ಕಾದು ಹಿಗ್ಗಿ, ಕೇಬಲ್ ಒಳಗೆ ಬರುವ ತೂತಿನ ಗ್ಲ್ಯಾಂಡಿನ ಸಂದಿಯಿಂದ ಹೊರಗೆ ಹೋಗುತ್ತದೆ. ಸಂಜೆ ತಣ್ಣಗಾದಾಗ, ಇಲ್ಲವೇ ದಿಢೀರನೆ ಮಳೆ ಬಿದ್ದಾಗ, ಹೊರಗಿನ ಗಾಳಿಯನ್ನು ಧೂಳಿನ ಸಮೇತ ಎಳೆದುಕೊಳ್ಳುತ್ತದೆ. ಕೆಟಗರಿ 1 ಇರುವುದೇ ಇಂಥ ಡಬ್ಬಿಗೆ. ಪ್ಯಾಕೇಜಿನಲ್ಲಿ ಕೇಳದೇ ಕೊಡುವುದು ಕೆಟಗರಿ 2. ಹಾಗಾಗಿ ಆರ್ಡರಿನಲ್ಲಿ ‘ಕೆಟಗರಿ 1, ವ್ಯಾಕ್ಯೂಮ್ ಸಹಿತ’ ಎಂದು ಬರೆಯಲೇಬೇಕು. ಈ ಡಬ್ಬಿ ಕೆಟಗರಿ 2ರಲ್ಲಿ ಸಲೀಸಾಗಿ ಪಾಸಾಯಿತು. ವ್ಯಾಕ್ಯೂಮ್ ಹಾಕಿದಾಗ ಬಾಗಿಲಿನ ಕೆಳತುದಿಯಲ್ಲಿ, ಹಿಂಜಿನ ಬದಿಗೆ, ಬೆರಳಗಲದ ಬಿಳಿ ಗೆರೆ ಕಂಡಿತು. ಬೀಡಿಂಗಿನ ಎರಡು ತುದಿ ಕೂಡುವ ಜಾಗ ಅದು. ಗಮ್ ಬಿಟ್ಟು ಅಲ್ಲಿ ಕೂದಲೆಳೆಯಷ್ಟು ಸಂದಿಯಾಗಿತ್ತು. ಬೀಡಿಂಗಿನ ಜೋಡಣೆ ಯಾವಾಗಲೂ ಮೇಲ್ತುದಿಯಲ್ಲಾಗಲಿ ಕೆಳತುದಿಯಲ್ಲಾಗಲಿ ಬೇಡ, ಪಕ್ಕದ ನಡುಭಾಗದಲ್ಲಿ ಬರಲಿ. ತುದಿಗಳನ್ನು ಓರೆಯಾಗಿ ಕತ್ತರಿಸಿ ಅಂಟಿಸಬೇಕು.

ಟಾಲ್ಕ್ ಎಲ್ಲ ಧೂಳಿಗೂ ಸಮವಲ್ಲ ಎಂಬುದನ್ನೂ ಹೇಳಬೇಕು. ಅದು ಕರೆಂಟ್ ಹರಿಸದ ಪುಡಿ. ಕೊಪ್ಪಳದ ಗಿಣಿಗೇರಾ ಸುತ್ತ, ಬಳ್ಳಾರಿಯ ತೋರಣಗಲ್ಲು ಕಡೆ ಕಾರ್ಖಾನೆಗಳ ಅಕ್ಕಪಕ್ಕ ನಿಲ್ಲುವ ಡಬ್ಬಿಗೆ ಕಬ್ಬಿಣದ ಪುಡಿ ಬಡಿಯುತ್ತದೆ. ಸ್ಪಾಂಜ್ ಐರನ್ ಪುಡಿ ಅಯಸ್ಕಾಂತಕ್ಕೆ ಅಂಟುತ್ತದೆ, ಕಾಂಟ್ಯಾಕ್ಟರಿನ ಒಳಗಿರುವುದೂ ಅಯಸ್ಕಾಂತವೇ. ಪುಡಿ ಅದರ ಮುಖದ ಮೇಲೆ ಕೂತರೆ ಎರಡು ತುಂಡುಗಳು ಪೂರ್ತಿ ಕೂಡುವುದಿಲ್ಲ, ‘ಗುಂಯ್’ ಎಂದು ಸದ್ದು ಬರುತ್ತದೆ, ಕಾಯಿಲ್ ಹೆಚ್ಚು ಕರೆಂಟ್ ಎಳೆದು ಸುಡುತ್ತದೆ. ಆ ಜಾಗಗಳಿಗೆ ಮಾಲು ಕೊಡುವವರು ಮೊದಲ ಅಂಕೆ 5ಕ್ಕೆ ತೃಪ್ತಿಪಡದೆ 6 ಕೇಳಿ ಮಾಡಿಸುವುದು ಒಳ್ಳೆಯದು. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಗೂ ಇದೇ ಮಾತು. ಅದು ಬಲು ನುಣುಪು.

ನೀರಿನ ಪರೀಕ್ಷೆ ಚೊಕ್ಕಟವಾಗಿ ನಡೆಯಿತು. 6.3 ಮಿ.ಮೀ. ನಾಝಲ್, ನಿಮಿಷಕ್ಕೆ 12.5 ಲೀಟರ್, ಎರಡೂವರೆಯಿಂದ ಮೂರು ಮೀಟರ್ ದೂರ, ಕನಿಷ್ಠ 3 ನಿಮಿಷ ಎಲ್ಲ ದಿಕ್ಕಿನಿಂದ. ನಿಯಮದ ಪ್ರಕಾರ ನೀರಿನ ಬಿಸಿಗೂ ಡಬ್ಬಿಯ ಬಿಸಿಗೂ 5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮೇ ತಿಂಗಳ ಅಡ್ಡಮಳೆಗೆ ಈ ನಿಯಮ ಗೊತ್ತಿಲ್ಲ. ಕಾದ ಡಬ್ಬಿಯ ಮೇಲೆ ತಣ್ಣೀರು ಬಿದ್ದರೆ ಅದು ನೀರನ್ನೂ ಉಸಿರಿನ ಜೊತೆ ಎಳೆಯುತ್ತದೆ. ನಿಯಮದ ಪರೀಕ್ಷೆ ಮುಗಿದ ಮೇಲೆ, ಬೇರೆ ಡಬ್ಬಿಯನ್ನು 70 ಡಿಗ್ರಿಗೆ ಕಾಯಿಸಿ ಅದೇ ನಾಝಲ್ ಹಿಡಿಯಿರಿ ಎಂದು ಕೇಳಿಕೊಳ್ಳಬಹುದು. ಅದು ಐಪಿ ಸರ್ಟಿಫಿಕೇಟಿಗೆ ಸೇರುವುದಿಲ್ಲ, ‘ಗ್ರಾಹಕರ ಕೋರಿಕೆಯಂತೆ’ ಎಂದು ಪ್ರತ್ಯೇಕ ರಿಪೋರ್ಟು ಬರುತ್ತದೆ. ಪ್ಯಾನೆಲ್ ಕಟ್ಟುವವರಿಗೆ ಹೆಚ್ಚು ಕಲಿಸುವುದು ಆ ಎರಡನೇ ಕಾಗದವೇ.

ಇನ್ನೊಂದು ಕೊರತೆ ರಿಪೋರ್ಟಿನ ಫೋಟೋದಲ್ಲೇ ಕಾಣುತ್ತದೆ. ಲ್ಯಾಬಿಗೆ ಹೋದ ಡಬ್ಬಿಯ ಗ್ಲ್ಯಾಂಡುಗಳಿಗೆ ಪ್ಲಾಸ್ಟಿಕ್ ಬಿರಡೆ ಹಾಕಲಾಗಿತ್ತು. ಹೊಲದಲ್ಲಿ ಅಲ್ಲಿ ಕೇಬಲ್ ತೂರಿರುತ್ತದೆ, ಅದೂ ದುಂಡನೆಯದಲ್ಲ, ಸಬ್‌ಮರ್ಸಿಬಲ್ ಮೋಟಾರಿನ ಚಪ್ಪಟೆ ಕೇಬಲ್. ದುಂಡು ಗ್ಲ್ಯಾಂಡಿಗೆ ಚಪ್ಪಟೆ ಕೇಬಲ್ ತೂರಿಸಿದರೆ ಎರಡೂ ಬದಿ ಸಂದಿ ಉಳಿಯುತ್ತದೆ, ಐಪಿ 55 ಅಲ್ಲಿಗೇ ಮುಗಿಯಿತು. ಒಂದು ಮೀಟರ್ ಕೇಬಲ್ ತೂರಿಸಿ, ಗ್ಲ್ಯಾಂಡ್ ಬಿಗಿದು, ಕೇಬಲ್ಲಿನ ಹೊರತುದಿಯನ್ನು ಸೀಲ್ ಮಾಡಿ ಕಳಿಸಿ.

ಒಣ ಶಾಖದ ಪರೀಕ್ಷೆ ನಡೆದದ್ದು ಐಇಸಿ 60068-2-2ರಂತೆ, 55 ಡಿಗ್ರಿ, 16 ಗಂಟೆ. ಲ್ಯಾಬ್ ಆರಿಸಿದ್ದು ‘ಬಿಬಿ’ ವಿಧಾನ, ಅಂದರೆ ತಾನಾಗಿ ಬಿಸಿ ಹುಟ್ಟಿಸದ ವಸ್ತುವಿನದು. ಸ್ಟಾರ್ಟರ್ ಹಾಗಲ್ಲ, ಕಾಯಿಲ್, ರಿಲೇ, ಟರ್ಮಿನಲ್ ಎಲ್ಲವೂ ಬಿಸಿ ಹುಟ್ಟಿಸುತ್ತವೆ. ಇದಕ್ಕೆ ಬೇಕಾದದ್ದು ‘ಬಿಇ’, ಪೂರ್ತಿ ಹೊತ್ತು ಕರೆಂಟ್ ಕೊಟ್ಟು ನಡೆಸುವ ವಿಧಾನ. ಕಾಂಟ್ಯಾಕ್ಟರ್‌ಗಳ ನಿಯಮವಾದ ಐಇಸಿ 60947 ಲೆಕ್ಕ ಹಾಕಿರುವುದೇ ಸುತ್ತಲಿನ ಗಾಳಿ 40 ಡಿಗ್ರಿ ಮೀರುವುದಿಲ್ಲ, ದಿನದ ಸರಾಸರಿ 35 ದಾಟುವುದಿಲ್ಲ ಎಂದು. ರಾಯಚೂರಿನ ಬೇಸಿಗೆಯಲ್ಲಿ ನೆರಳಿನಲ್ಲೇ 40 ದಾಟುತ್ತದೆ, ಡಬ್ಬಿಯ ಒಳಗಿನದು ಅದಕ್ಕೂ ಮೇಲೆ. ಹೀಗಾಗಿ ಮೋಟಾರು ಎಳೆಯುವ ಆಂಪಿಯರಿಗೆ ಸರಿಸಮನಾದ ಕಾಂಟ್ಯಾಕ್ಟರ್ ಹಾಕಿದರೆ ಸಾಲದು, ಒಂದು ಸೈಜ್ ದೊಡ್ಡದು ಹಾಕಬೇಕು. ಮೊಬೈಲ್ ಸ್ಟಾರ್ಟರಿನ ಬೋರ್ಡಿನಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿಗಂತೂ 10 ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧ ಎಂಬುದು ರಿಪೇರಿಯವರೆಲ್ಲ ಬಲ್ಲ ಲೆಕ್ಕ. ಅದರ ಮೇಲೆ 85 ಡಿಗ್ರಿ ಎಂದು ಬರೆದಿದ್ದರೆ ಬೇಡ, 105 ಎಂದು ಬರೆದದ್ದನ್ನು ಹಾಕಿಸಿ.

ಈ ಪ್ಯಾಕೇಜಿನಲ್ಲಿ ಬಿಸಿಲೇ ಇಲ್ಲ ಎಂಬುದು ದೊಡ್ಡ ಬೇಸರ. ಚದರ ಮೀಟರಿಗೆ ಸುಮಾರು 1,100 ವ್ಯಾಟ್ ಬೆಳಕು ಸುರಿಯುವ ಸೌರ ಪರೀಕ್ಷೆ, ಐಇಸಿ 60068-2-5, ಬೇರೆಯಾಗಿ ಕೇಳಿ ಬೇರೆಯಾಗಿ ದುಡ್ಡು ಕೊಡಬೇಕು. ಎಲ್ಲರಿಗೂ ಅದು ಕೈಗೆಟುಕದು. ಬದಲಿಗೆ ಮೇ ತಿಂಗಳಲ್ಲಿ ನಿಮ್ಮ ವರ್ಕ್‌ಶಾಪಿನ ತಾರಸಿಯ ಮೇಲೆ ಡಬ್ಬಿ ನಿಲ್ಲಿಸಿ, ಮಲ್ಟಿಮೀಟರಿನ ಬಿಸಿ ಅಳೆಯುವ ಕೆ-ಟೈಪ್ ತಂತಿಯನ್ನು ರಿಲೇ ಪಕ್ಕದ ಗಾಳಿಯಲ್ಲಿ ತೂಗುಬಿಡಿ, ತಗಡಿಗೆ ತಾಗಬಾರದು. 12ರಿಂದ 4ರ ತನಕ ಅರ್ಧ ಗಂಟೆಗೊಮ್ಮೆ ಬರೆದುಕೊಳ್ಳಿ. ಕಡುನೀಲಿ ಡಬ್ಬಿ ಒಂದು, ತಿಳಿಬೂದು ಡಬ್ಬಿ ಒಂದು ಇಟ್ಟು ನೋಡಿದರೆ ಬಣ್ಣ ಬದಲಿಸಬೇಕೋ ಬೇಡವೋ ಎಂಬ ವಾದ ಅಂದೇ ಮುಗಿಯುತ್ತದೆ. ಅಲ್ಲಿ ಸಿಕ್ಕ ಗರಿಷ್ಠ ಅಂಕಿಯನ್ನೇ ಲ್ಯಾಬಿನ ಶಾಖ ಪರೀಕ್ಷೆಗೆ ಆಧಾರವಾಗಿ ಕೊಡಿ.

ಉಪ್ಪಿನ ಮಂಜಿನ ಬಗ್ಗೆ ಲ್ಯಾಬಿನವರ ಉತ್ಸಾಹ ಜಾಸ್ತಿ, ಗಂಟೆ ಲೆಕ್ಕದಲ್ಲಿ ದುಡ್ಡು ಬರುವ ಪರೀಕ್ಷೆ ಅದು. ಶೇ. 5ರ ಉಪ್ಪುನೀರು, 35 ಡಿಗ್ರಿ, ಪಿಎಚ್ 6.5ರಿಂದ 7.2. ಇಷ್ಟು ಗಂಟೆ ಎಂದರೆ ಇಷ್ಟು ವರ್ಷ ಎಂಬ ಲೆಕ್ಕ ಯಾರಾದರೂ ಹೇಳಿದರೆ ನಂಬಬೇಡಿ, ಅಂಥ ಸೂತ್ರವಿಲ್ಲ. ಒಂದು ಕೋಟಿಂಗಿಗೂ ಇನ್ನೊಂದಕ್ಕೂ ಹೋಲಿಸಲು ಮಾತ್ರ ಅದು ಉಪಯೋಗ. ತುಂಗಭದ್ರಾ ಎಡದಂಡೆಯ ಸವಳು ಜಮೀನಿಗೆ ಹೋಗುವ ಮಾಲಾದರೆ ಮಾಡಿಸಿ. ಕೋಟಿಂಗ್ ಮೇಲೆ ತಗಡಿನ ತನಕ ಗೀರು ಹಾಕಿ, ಪರೀಕ್ಷೆ ಮುಗಿದ ಮೇಲೆ ಗೀರಿನಿಂದ ತುಕ್ಕು ಎಷ್ಟು ಮಿ.ಮೀ. ಪಕ್ಕಕ್ಕೆ ಹರಿದಿದೆ ಎಂದು ಅಳೆದು ಬರೆಯಲು ಹೇಳಿ. ‘ತುಕ್ಕು ಕಂಡುಬಂದಿಲ್ಲ’ ಎಂಬ ಒಂದು ಸಾಲಿನಿಂದ ಏನೂ ತಿಳಿಯದು. ಈ ಡಬ್ಬಿಯಲ್ಲಿ ಮೈಮೇಲಿನ ಕೋಟಿಂಗ್ ಗಟ್ಟಿಯಾಗಿತ್ತು. ತುಕ್ಕು ಹಿಡಿದದ್ದು ಕೋಟಿಂಗ್ ಆದ ಮೇಲೆ ಡ್ರಿಲ್ ಹಾಕಿದ ಎರಡು ತೂತುಗಳ ಅಂಚಿಗೆ. ತೂತುಗಳೆಲ್ಲ ಕೋಟಿಂಗಿಗೆ ಮುಂಚೆಯೇ ಆಗಬೇಕು.

ಕಂಪನ ಪರೀಕ್ಷೆಯಲ್ಲಿ ವಿಶೇಷವೇನಿಲ್ಲ, ಟರ್ಮಿನಲ್ ಸ್ಕ್ರೂಗಳು ಸಡಿಲವಾಗದಿದ್ದರೆ ಸರಿ.

ರಿಪೋರ್ಟ್ ಕೈಗೆ ಬಂದಾಗ, ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಮಂಡಳಿಯ ಗುರುತು ಇದೆಯೋ ಇಲ್ಲವೋ ನೋಡುವುದರ ಜೊತೆಗೆ, ನಿಮ್ಮ ಪರೀಕ್ಷೆ ಆ ಲ್ಯಾಬಿನ ಮಾನ್ಯತೆಯ ಸ್ಕೋಪಿನಲ್ಲಿದೆಯೇ ಎಂದು ಎನ್‌ಎಬಿಎಲ್ ಜಾಲತಾಣದಲ್ಲಿ ನೋಡಿ. ಲ್ಯಾಬಿಗೆ ಮಾನ್ಯತೆ ಇರಬಹುದು, ಈ ಪರೀಕ್ಷೆಗೆ ಇಲ್ಲದಿರಬಹುದು. ಶಾರ್ಟ್ ಸರ್ಕ್ಯೂಟ್ ತಡೆಯುವ ಶಕ್ತಿಯ ಪರೀಕ್ಷೆ ಈ ಪ್ಯಾಕೇಜಿನದಲ್ಲ, ಅದಕ್ಕೆ ಬೆಂಗಳೂರಿನ ಸಿಪಿಆರ್‌ಐ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಇದೆ.

ಪರೀಕ್ಷೆಗಳ ಕ್ರಮವನ್ನೂ ನೀವೇ ಬರೆದುಕೊಡಿ. ಲ್ಯಾಬ್ ಮೊದಲು ಐಪಿ ಮಾಡಿ ಆಮೇಲೆ ಶಾಖಕ್ಕೆ ಹಾಕುತ್ತದೆ, ಅಂದರೆ ಪಾಸಾಗುವುದು ಹೊಸ ರಬ್ಬರು. ಮೊದಲು ಶಾಖ, ಆಮೇಲೆ ಕಂಪನ, ಕೊನೆಗೆ ಧೂಳು-ನೀರು ಆಗಲಿ. ಶಾಖಕ್ಕೆ ಒತ್ತಿಕೊಂಡೇ ಕೂತ ರಬ್ಬರು ಚಪ್ಪಟೆಯಾಗಿ ಹಿಂದಕ್ಕೆ ಎದ್ದು ಬರದಿದ್ದರೆ ಆಗ ಗೊತ್ತಾಗುತ್ತದೆ. ಬಿಸಿಲಿಗೆ ಇಪಿಡಿಎಂ ರಬ್ಬರು ಮಾಮೂಲಿ ಬೀಡಿಂಗಿಗಿಂತ ಬಹಳ ಮೇಲು. ಉಪ್ಪಿಗೆ ಬೇರೆ ಡಬ್ಬಿ, ಪಾರ್ಸೆಲ್ಲಿನಲ್ಲಿ ಜಖಂ ಆದರೆ ಇರಲಿ ಎಂದು ಇನ್ನೊಂದು, ಒಟ್ಟು ಮೂರು ಕಳಿಸಿ; ಕಾದ ಡಬ್ಬಿಗೆ ನೀರು ಹಿಡಿಸುವುದಾದರೆ ಅದಕ್ಕೆ ಮತ್ತೊಂದು. ಇಲ್ಲಿಂದ ಬೆಂಗಳೂರು ಸುಮಾರು 400 ಕಿ.ಮೀ., ದಾರಿಯಲ್ಲಿ ಬಾಗಿಲು ವಾಲಿದರೆ ಪರೀಕ್ಷೆ ಶುರುವಾಗುವ ಮುಂಚೆಯೇ ಫೇಲು. ಕಳಿಸುವ ಮೊದಲು ಪೇಪರಿನ ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ, ಚಿಲಕ ಹಾಕಿ, ಸುತ್ತಲೂ ಎಳೆದು ನೋಡಿ. ಸಲೀಸಾಗಿ ಜಾರಿ ಬಂದ ಕಡೆ ಧೂಳೂ ಹೋಗುತ್ತದೆ.

ಪರೀಕ್ಷೆಯಾದ ಡಬ್ಬಿಗಳನ್ನು ತೊಳೆಯದೆ, ಹಾಗೆಯೇ ಕವರಿನಲ್ಲಿ ಸುತ್ತಿ ವಾಪಸ್ ಕಳಿಸಬೇಕೆಂದು ಆರ್ಡರಿನಲ್ಲೇ ಸೇರಿಸಿ. ಮೇಲೆ ಹೇಳಿದ ಆ ಬಿಳಿ ಗೆರೆ ರಿಪೋರ್ಟಿನ ಯಾವ ಪುಟದಲ್ಲೂ ಇರಲಿಲ್ಲ, ಡಬ್ಬಿಯ ಬಾಗಿಲು ತೆರೆದಾಗಲೇ ಕಂಡದ್ದು.