ಚೆಂಡಾ, ಲಿವರಾ? ವಾಸನೆ ಹುಡುಕುವ ನಾಯಿಗೆ ಯಾವ ಬಹುಮಾನ

ವಾಸನೆ ಹುಡುಕುವ ಆಟ ಕಲಿಸುವವರಲ್ಲಿ ಎರಡು ಪಂಗಡ. ಕೆಲವರು ಚೆಂಡು ಕೊಡಿ ಅಂತಾರೆ, ಕೆಲವರು ತಿಂಡಿ. ನಮ್ಮ ಲ್ಯಾಬ್ರಡಾರ್ ಚಿನ್ನಿಗೆ ಎರಡನ್ನೂ ಕೊಟ್ಟು ನೋಡಿದ್ದೇನೆ, ಗೋಣಿಕೊಪ್ಪದ ಹತ್ತಿರದ ನಮ್ಮ ಕಾಫಿ ತೋಟದಲ್ಲೇ. ಅಮೆರಿಕದ ನೋಸ್‌ವರ್ಕ್ (ನಾಯಿ ವಾಸನೆ ಹುಡುಕುವ) ಸ್ಪರ್ಧೆಗಳಲ್ಲಿ ಬರ್ಚ್ ಮರದ, ಸೋಂಪಿನಂಥ ಆನೈಸ್ ಬೀಜದ, ಲವಂಗದ ಎಣ್ಣೆ ಬಳಸುತ್ತಾರೆ. ನಾನು ಲವಂಗ ಹಿಡಿದೆ. ಮರಮರಕ್ಕೂ ಮೆಣಸಿನ ಬಳ್ಳಿ ಇರುವ ಕಡೆ ಕಾಳುಮೆಣಸು ಹುಡುಕು ಅಂದರೆ ಅವಳೆಲ್ಲಿಗೆ ಹೋಗಬೇಕು? ಆಟ ಇಷ್ಟೇ: ಸಾಲಾಗಿಟ್ಟ ಡಬ್ಬಿಗಳಲ್ಲಿ ಲವಂಗ ಇರುವುದನ್ನು ಮೂಸಿ ಹುಡುಕಿ, ಅದರ ಮುಂದೆ ನಿಂತೋ ಕೂತೋ ತೋರಿಸಬೇಕು.

ಬೇಯಿಸಿದ ಕೋಳಿ ಲಿವರ್, ಉಪ್ಪು ಖಾರ ಇಲ್ಲದ್ದು, ಕಡಲೆಕಾಳಿನಷ್ಟು ಚೂರು ಸಾಕು. ನುಂಗಿದ ಕೂಡಲೇ ಮುಂದಿನ ಡಬ್ಬಿಗೆ ಹೊರಡುತ್ತಾಳೆ. ತೊಂದರೆ ಏನೆಂದರೆ ಕೈಗೆ ಹತ್ತಿದ ಲಿವರ್ ವಾಸನೆ ಡಬ್ಬಿಗೂ ಹತ್ತುತ್ತದೆ. ಆಮೇಲೆ ಅವಳು ಹುಡುಕುವುದು ಲವಂಗವೋ ಲಿವರೋ ಗೊತ್ತಾಗುವುದಿಲ್ಲ. ಅದಕ್ಕೆ ಲವಂಗ ಇಲ್ಲದ, ಲಿವರ್ ಸವರಿದ ಡಬ್ಬಿಗಳನ್ನೂ ಸಾಲಿನಲ್ಲಿ ಇಡುತ್ತೇನೆ. ಅಲ್ಲಿ ಕೂತರೆ ಏನೂ ಸಿಗುವುದಿಲ್ಲ. ಇರುವೆಗಳಿಗೆ ಮಾತ್ರ ಹಬ್ಬ.

ಚೆಂಡು ತೋರಿಸಿದರೆ ಹುರುಪು ಬೇರೆಯೇ. ಕಾಫಿ ಒಣಗಿಸುವ ಕಣದಂಥ ದೊಡ್ಡ ಜಾಗದಲ್ಲಿ ಇದು ಲಿವರ್‌ಗಿಂತ ಜಾಸ್ತಿ ಎಳೆಯುತ್ತದೆ. ಆದರೆ ಆಟ ಮುಗಿದ ಮೇಲೆ ನಾಲಿಗೆ ಹೊರಗೆ ಹಾಕಿ ಏದುಸಿರು. ಬಾಯಲ್ಲಿ ಉಸಿರಾಡುವ ನಾಯಿ ಸರಿಯಾಗಿ ಮೂಸುವುದಿಲ್ಲ. ಉಸಿರು ತಣಿಯುವವರೆಗೆ ಕಾಯಬೇಕು. ಮಳೆಗಾಲದಲ್ಲಂತೂ ಚೆಂಡು ಗಿಡದ ಬುಡಕ್ಕೆ ಉರುಳುತ್ತದೆ. ತರಲು ಹೋದವರ ಕಾಲಿಗೆ ಜಿಗಣೆ. ಗೋಣಿಚೀಲ ಪೇರಿಸಿದ ಗೋಡೌನಿನಲ್ಲಿ ಚೆಂಡು ಬೇಡವೇ ಬೇಡ.

ಇಷ್ಟೆಲ್ಲ ಹೇಳಿದರೂ, ಏನು ಕೊಟ್ಟಿರಿ ಅನ್ನುವುದಕ್ಕಿಂತ ಎಲ್ಲಿ ಕೊಟ್ಟಿರಿ ಅನ್ನುವುದೇ ಮುಖ್ಯ ಅಂತ ನನಗನಿಸುತ್ತದೆ. ಚಿನ್ನಿ ಮೂಗು ಚಾಚಿ ನಿಂತ ಕ್ಷಣಕ್ಕೆ 'ಭೇಷ್' ಅಂದು, ಡಬ್ಬಿಯ ಪಕ್ಕದಲ್ಲೇ ಲಿವರ್ ಇಡುತ್ತೇನೆ. ಹತ್ತಿರ ಕರೆದು ಕೊಟ್ಟಾಗ ಅವಳು ಡಬ್ಬಿ ಬಿಟ್ಟು ನನ್ನ ಮುಖ ನೋಡಲು ಶುರುಮಾಡಿದ್ದಳು. ಖಾಲಿ ಡಬ್ಬಿ ಮುಂದೆಯೂ ಸುಮ್ನೆ ಕೂತು ಆಸೆಯಿಂದ ನೋಡುವುದು ಬೇರೆ! ಚೆಂಡಾದರೆ ಅವಳ ಹಿಂದಿನಿಂದ ಎಸೆಯಬೇಕು, ಡಬ್ಬಿಯ ಹತ್ತಿರ ಬೀಳುವ ಹಾಗೆ. ಅಭ್ಯಾಸ ಬೇಕು.

ಬರೀ ಹೊಗಳಿಕೆ? ಸ್ವಲ್ಪ ಹೊತ್ತು ಬಾಲ ಅಲ್ಲಾಡಿಸುತ್ತಾಳೆ, ಆಮೇಲೆ ಮಲಗುತ್ತಾಳೆ.

ಈಗ ಗೋಡೌನಿನಲ್ಲಿ ಲಿವರ್, ಕಣದಲ್ಲಿ ಕೊನೆಯ ಡಬ್ಬಿಗೆ ಮಾತ್ರ ಚೆಂಡು. ಅಣ್ಣನ ಮನೆಯ ನಾಟಿ ನಾಯಿಗೆ ಮಾತ್ರ ಎರಡೂ ನಡೆಯಲಿಲ್ಲ. ಚೆಂಡು ಎಸೆದರೆ ಅದು ನಮ್ಮನ್ನೇ ನೋಡುತ್ತದೆ, ಲಿವರ್ ಮೂಸಿ ಬಿಡುತ್ತದೆ. ಉಪ್ಪು ತೊಳೆದ ಒಣಮೀನಿನ ಚೂರು ಕಂಡರೆ ಇಡೀ ಕಣ ಜಾಲಾಡುತ್ತದೆ.