ಫ್ರೀಬಿಎಸ್‌ಡಿ ಜೈಲ್ + ಡೆವ್‌ಎಫ್‌ಎಸ್: ಬಳಸಿ ನೋಡಿ ಬರೆದ ರಿವ್ಯೂ

ಫ್ರೀಬಿಎಸ್‌ಡಿ ಅನ್ನೋ ಯುನಿಕ್ಸ್ ಥರದ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಪ್ರೋಗ್ರಾಮ್‌ಗಳನ್ನ ಬೇರೆಯಾಗಿ ಕೂಡಿಹಾಕೋ ವ್ಯವಸ್ಥೆನೇ ಜೈಲ್, ಅದರೊಳಗೆ ಡಿವೈಸ್‌ಗಳನ್ನ ತೋರಿಸೋದು ಡೆವ್‌ಎಫ್‌ಎಸ್. ಪ್ರೋಗ್ರಾಮ್‌ನ ಒಂದು ಫೋಲ್ಡರ್‌ಗೆ ಸೀಮಿತ ಮಾಡೋ ಹಳೇ ಉಪಾಯ ಸಿಎಚ್‌ರೂಟ್, ಅದರ ಒಳಗೆ ಹಾಕ್ಬಿಟ್ರೆ ಸರ್ವರ್ ಸೇಫ್ ಅಂದ್ಕೊಂಡಿರೋರು ಈಗ್ಲೂ ಬೇಜಾನ್ ಜನ ಇದಾರೆ. ಅದು 1979ರ ಯುನಿಕ್ಸ್ ಏಳನೇ ವರ್ಷನ್ ಕಾಲದ್ದು ಕಣ್ರೀ, ಪ್ರೋಸೆಸ್‌ಗೆ (ಓಡ್ತಿರೋ ಪ್ರೋಗ್ರಾಮ್‌ಗೆ) ಸ್ಲ್ಯಾಶ್, ಅಂದ್ರೆ ಎಲ್ಲಾ ಫೈಲ್‌ಗಳ ಮೂಲ ಫೋಲ್ಡರ್, ಎಲ್ಲಿಂದ ಶುರು ಅಂತ ಬದಲಾಯಿಸೋದು ಬಿಟ್ರೆ ಇನ್ನೇನೂ ಮಾಡಲ್ಲ, ನೆಟ್‌ವರ್ಕು, ಯೂಸರ್ ಐಡಿ, ಪ್ರೋಸೆಸ್ ಲಿಸ್ಟು ಎಲ್ಲಾ ಹೊರಗಿಂದೇ.

ಅದಕ್ಕಿಂತ ದೊಡ್ಡ ತಲೆನೋವು ಡೆವ್ ಡೈರೆಕ್ಟರಿ, ಅಂದ್ರೆ ಡಿಸ್ಕ್, ಮೆಮೊರಿ ಥರದ ಡಿವೈಸ್‌ಗಳು ಫೈಲ್ ರೂಪದಲ್ಲಿ ಕಾಣೋ ಫೋಲ್ಡರ್. ಡೆವ್ ನಲ್, ಯುರ್ಯಾಂಡಮ್ ಇಲ್ದೆ ಅರ್ಧ ಪ್ರೋಗ್ರಾಮ್‌ಗಳು ಏಳೋದೇ ಇಲ್ಲ, ಅದಕ್ಕೆ ಲಿನಕ್ಸ್‌ನಲ್ಲಿ ಎಲ್ರೂ ಕಣ್ಮುಚ್ಚಿ ಹೋಸ್ಟ್‌ನ (ಹೊರಗಿನ ಅಸಲಿ ಸಿಸ್ಟಮ್‌ನ) ಇಡೀ ಡೆವ್‌ನ ಬೈಂಡ್ ಮೌಂಟ್ ಮಾಡ್ತಾರೆ, ಅಂದ್ರೆ ಅದೇ ಫೋಲ್ಡರ್ ಒಳಗೂ ಕಾಣೋ ಹಂಗೆ ಜೋಡಿಸ್ತಾರೆ, ಒಂದು ರೂಮ್ ಬಾಡಿಗೆಗೆ ಕೊಟ್ಟು ಬೀರು ಕೀಲಿನೂ ಕೈಗಿಟ್ಟಂಗೆ. ಆಮೇಲೆ ಅನ್‌ಮೌಂಟ್ ಮಾಡೋದು ಮರೆತು ಆ ಫೋಲ್ಡರ್‌ನ ಆರ್‌ಎಂ ಹೊಡೆದು ಅಳಿಸಿದ್ರೆ ಹೋಸ್ಟ್‌ನ ಡೆವ್ ಕೂಡ ಖಾಲಿ. ಬೈಂಡ್ ಮಾಡ್ದೇ ಇದ್ರೂ, ಒಳಗೆ ಪೂರ್ತಿ ಪವರ್ ಇರೋ ರೂಟ್ (ಅಡ್ಮಿನ್ ಯೂಸರ್) ಇದ್ರೆ ಎಂಕೆನೋಡ್ ಕಮಾಂಡ್‌ಗೆ 8, 0 ಅನ್ನೋ ಡಿವೈಸ್ ನಂಬರ್ ಕೊಟ್ಟು ಎಸ್‌ಡಿಎ ಡಿಸ್ಕ್‌ಗೆ ಒಂದು ನೋಡ್ (ಡಿವೈಸ್ ಫೈಲ್) ಮಾಡ್ಕೊಂಡು ನಿಮ್ ಡಿಸ್ಕ್‌ನೇ ಓದ್ಬಹುದು.

ಫ್ರೀಬಿಎಸ್‌ಡಿ ನಂಗೆ ಇಷ್ಟ ಆಗಿದ್ದೇ ಇಲ್ಲಿ. ಜೈಲ್ ಬಂದಿದ್ದು 2000ದಲ್ಲಿ, 4.0 ಜೊತೆ, ಮೊದಲು ಬರೆದೋರು ಪೌಲ್ ಹೆನ್ನಿಂಗ್ ಕ್ಯಾಂಪ್. ಜೈಲ್ ಡಾಟ್ ಕಾನ್ಫ್ ಫೈಲ್‌ನಲ್ಲಿ ಮೌಂಟ್ ಡಾಟ್ ಡೆವ್‌ಎಫ್‌ಎಸ್ ಅಂತ ಒಂದು ಸಾಲು ಹಾಕಿದ್ರೆ ಸಾಕು, ಜೈಲ್‌ಗೆ ಅದರದ್ದೇ ಡೆವ್ ಸಿಗುತ್ತೆ, ಅದರ ಮೇಲೆ 4ನೇ ನಂಬರ್ ರೂಲ್‌ಸೆಟ್ ತಾನಾಗೇ ಕೂರುತ್ತೆ. ಆ ರೂಲ್‌ಸೆಟ್ ಮೊದಲು ಎಲ್ಲಾ ಡಿವೈಸ್ ಅಡಗಿಸುತ್ತೆ, ಆಮೇಲೆ ಬೇಕಾದ್ದನ್ನ ಮಾತ್ರ ತೋರಿಸುತ್ತೆ. ಒಳಗೆ ಹೋಗಿ ಎಲ್‌ಎಸ್ ಹೊಡೆದು ಡೆವ್ ಪಟ್ಟಿ ನೋಡಿದ್ರೆ ನಲ್, ಝೀರೋ, ರ್ಯಾಂಡಮ್, ಪಿಟಿಎಸ್ ಥರದ್ದು ಕಾಣುತ್ತೆ, ಡಿಸ್ಕ್ ಇಲ್ಲ, ಮೆಮೊರಿ ಇಲ್ಲ. ಎಂಕೆನೋಡ್ ಆಟನೂ ನಡೆಯಲ್ಲ, ಯಾಕಂದ್ರೆ ಡೆವ್‌ಎಫ್‌ಎಸ್ ಹೊರಗೆ ಇರೋ ಡಿವೈಸ್ ನೋಡ್ ಈಗ ಕೆಲಸಕ್ಕೇ ಬರಲ್ಲ.

ಇನ್ನು ಬೈಗುಳ. ಜೈಲ್ ಒಳಗೆ ನೆಟ್‌ವರ್ಕ್ ಟ್ರಾಫಿಕ್ ನೋಡೋ ಟಿಸಿಪಿಡಂಪ್ ಓಡಿಸೋಕೆ ಹೋದ್ರೆ ಅದಕ್ಕೆ ಬೇಕಾದ ಬಿಪಿಎಫ್ ಡಿವೈಸ್ ಇಲ್ಲ ಅಂತ ಕೈ ಎತ್ತುತ್ತೆ, ಸ್ವಂತ ನೆಟ್‌ವರ್ಕ್ ಇರೋ ವಿನೆಟ್ ಜೈಲ್‌ನಲ್ಲಿ ಐಪಿ ಅಡ್ರೆಸ್ ತಾನಾಗೇ ಪಡೆಯೋ ಡಿಎಚ್‌ಸಿಪಿಗೂ ಇದೇ ಕಥೆ. ಆಗ ಇಟಿಸಿ ಕೆಳಗಿನ ಡೆವ್‌ಎಫ್‌ಎಸ್ ಡಾಟ್ ರೂಲ್ಸ್‌ನಲ್ಲಿ ಸ್ವಂತ ರೂಲ್‌ಸೆಟ್ ಬರೀಬೇಕು, ಹೊಸ ನಂಬರ್ ಕೊಡಬೇಕು, ಮೊದಲ ಸಾಲಲ್ಲೇ ಎಲ್ಲಾ ಅಡಗಿಸೋ ಹೈಡ್ ಆಲ್ ರೂಲ್‌ಸೆಟ್‌ನ ಇನ್‌ಕ್ಲೂಡ್ ಮಾಡಬೇಕು, ಅದೊಂದು ಬಿಟ್ಟು ಹೋದ್ರೆ ಎಲ್ಲಾ ಡಿವೈಸೂ ಬಟಾಬಯಲು, ಎರರ್ ಅಂತೂ ಒಂದೂ ಬರಲ್ಲ. ಆಮೇಲೆ ಡೆವ್‌ಎಫ್‌ಎಸ್ ಸರ್ವಿಸ್ ರೀಸ್ಟಾರ್ಟ್ ಮಾಡಿ ಜೈಲ್‌ನೂ ಮತ್ತೆ ಎಬ್ಬಿಸಬೇಕು. ಸೆಕ್ಯೂರಿಟಿ ವಿಷಯದಲ್ಲಿ ಇಷ್ಟು ಸೈಲೆಂಟ್ ಆಗಿರೋದು ನಂಗಂತೂ ಸರಿ ಕಾಣಲ್ಲ. 2014ರಲ್ಲಿ ಫ್ರೀಬಿಎಸ್‌ಡಿ 10.0ದಲ್ಲೇ ಬೂಟ್ ಆಗೋವಾಗ ಈ ರೂಲ್‌ಸೆಟ್‌ಗಳು ಲೋಡೇ ಆಗ್ತಿರ್ಲಿಲ್ಲ, ಜೈಲ್ ಒಳಗೆ ಎಲ್ಲಾ ಡಿವೈಸ್ ಕಾಣ್ತಿತ್ತು, ಪ್ರಾಜೆಕ್ಟ್‌ನವ್ರೇ ಸೆಕ್ಯೂರಿಟಿ ಅಡ್ವೈಸರಿ ಬಿಟ್ರು. ಹಂಗಾಗಿ ಜೈಲ್ ಎದ್ದ ತಕ್ಷಣ ಒಳಗೆ ಹೋಗಿ ಡೆವ್‌ನ ಒಂದ್ಸಲ ಎಲ್‌ಎಸ್ ಮಾಡಿ ನೋಡ್ಕೊಳ್ಳಿ.

ಡಾಕ್ಯುಮೆಂಟೇಶನ್ ಚೆನ್ನಾಗಿದೆ, ಆದ್ರೆ ಜೈಲ್ ಮ್ಯಾನ್ ಪೇಜ್ (ಕೈಪಿಡಿ ಪುಟ) ಒಂದು ಕಡೆ, ರೂಲ್ಸ್‌ದು ಇನ್ನೊಂದು ಕಡೆ, ಎರಡೂ ಪಕ್ಕದಲ್ಲಿ ಇಟ್ಕೊಂಡೇ ಓದ್ಬೇಕು.

5ಕ್ಕೆ 4 ಕೊಡ್ತೀನಿ. ಕೆಟ್ಟೋಗಿರೋ ಲಿನಕ್ಸ್ ಮೆಷಿನ್‌ನ ಯುಎಸ್‌ಬಿಯಿಂದ ಬೂಟ್ ಮಾಡಿ ಗ್ರಬ್ (ಲಿನಕ್ಸ್ ಶುರು ಮಾಡೋ ಬೂಟ್‌ಲೋಡರ್) ರಿಪೇರಿ ಮಾಡೋಕೆ ಇದೆಲ್ಲಾ ಬೇಡ, ಅಲ್ಲಿ ಹಳೇ ಸಿಎಚ್‌ರೂಟು, ಬೈಂಡ್ ಮೌಂಟೇ ಸಾಕು. ಬೇರೆಯವ್ರಿಗೆ ರೂಟ್ ಪಾಸ್‌ವರ್ಡ್ ಕೊಡೋ ಪರಿಸ್ಥಿತಿ ಇದ್ರೆ ಮಾತ್ರ ಜೈಲ್ ಕಡೆ ಬನ್ನಿ.